ಕೆಂಚಿ ನೆಕ್ಕಿದ ಗಂಜಿ

ಮಾದಮ್ಮನ ಬೆಕ್ಕಿಗೆ ವಿಷ ಏರಿದ್ದು ನಾನು ಕಾಯಿಸಿದ ಗಂಜಿಯಿಂದ. ಅವಳು ಹಾಕಿದ ಒಣಮೀನಿನಿಂದ ಅಲ್ಲ. ಇದು ನನಗೆ ಆವತ್ತು ಬೆಳಿಗ್ಗೆಯೇ ಗೊತ್ತಿತ್ತು. ಗೊತ್ತಿದ್ದೂ ಮನೆಯವರ ಮುಂದೆ, ಬೀದಿಯವರ ಮುಂದೆ, ತಪ್ಪನ್ನು ಅವಳ ತಲೆಗೆ ಕಟ್ಟಿದೆ. ಬಸುರಿ ಹೆಂಗಸು — ಆ ಮಾತನ್ನು ಹೊತ್ತುಕೊಂಡೇ ನಮ್ಮ ಮನೆ ಬಿಟ್ಟು ಹೋದಳು. ಅವಳು ಎಷ್ಟು ವರ್ಷ ಹೊತ್ತಳೋ ಅಷ್ಟು ವರ್ಷವೂ ನಾನು ಬಾಯಿ ಬಿಡಲಿಲ್ಲ. ಈಗ ಅವಳಿಗೆ ಹೇಳಿಯಾಗಿದೆ, ಬೀದಿಗೂ ಹೇಳಿಯಾಗಿದೆ. ಉಳಿದದ್ದು ಬರೆದಿಡುವುದು. ಮಗ್ಗವೂ ಬೆಕ್ಕೂ ಎರಡೂ ಇರುವ ಮನೆಯವರು ಯಾರಾದರೂ ಓದಿದರೆ ಒಳ್ಳೆಯದು.

ಮಾದಮ್ಮ ನನ್ನ ತಮ್ಮ ರಂಗನ ಹೆಂಡತಿ. ಅವಳ ತವರು ನಂಗವಳ್ಳಿ. ಮದುವೆಯಾಗಿ ಸೇಲಮ್ಮಿಗೆ ನಮ್ಮ ಮನೆಗೆ ಬಂದಾಗ, ಮುಚ್ಚಿದ ಬುಟ್ಟಿಯಲ್ಲಿ ಕೆಂಚು ಬಣ್ಣದ ಒಂದು ಹೆಣ್ಣುಮರಿ ತಂದಿದ್ದಳು, ಹೆಸರು ಕೆಂಚಿ. ಅವ್ವ ಬುಟ್ಟಿ ತೆಗೆದು ನೋಡಿ ನಕ್ಕಳು. "ಕಂಡೋರ ಸೊಸೆಯರು ತವರಿಂದ ಅಸು ತತ್ತಾರೆ. ನಮ್ಮೋಳು ಬೆಕ್ಕು ತಂದವ್ಳೆ" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು. ಹೇಳಿದಳೇ ಹೊರತು ಬೇಡ ಎನ್ನಲಿಲ್ಲ. ನೇಕಾರರ ಮನೆಯಲ್ಲಿ ಬೆಕ್ಕನ್ನು ಯಾರೂ ಬೇಡ ಎನ್ನುವುದಿಲ್ಲ.

ಕಾರಣ ಗಂಜಿ. ಸೀರೆಯ ಉದ್ದಕ್ಕೆ ಹಾಸುವ ನೂಲನ್ನು ನಮ್ಮ ಬೀದಿಯಲ್ಲಿ ಪಾವು ಎನ್ನುತ್ತೇವೆ. ಬೆಳಗಿನ ಜಾವ ಅದನ್ನು ಬೀದಿಯುದ್ದಕ್ಕೂ ಬಿಗಿದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತಿಕ್ಕಿ, ಬಿಸಿಲೇರುವ ಮೊದಲೇ ಒಣಗಿಸಬೇಕು. ಗಂಜಿ ಇಲ್ಲದ ನೂಲು ಮಗ್ಗದಲ್ಲಿ ನಿಲ್ಲುವುದಿಲ್ಲ. ಗಂಜಿ ಇರುವ ನೂಲನ್ನು ಇಲಿ ಬಿಡುವುದಿಲ್ಲ. ಮಗ್ಗಕ್ಕೆ ಏರಿಸಿದ ಪಾವನ್ನು ಒಂದು ಇಲಿ ಕಡಿದರೂ ಎಳೆ ಎಳೆಯಾಗಿ ಗಂಟು ಹಾಕುತ್ತಾ ಕೂರಬೇಕು. ಕೆಂಚಿ ಬಲಿತ ಮೇಲೆ ನಮ್ಮ ಮನೆಯಲ್ಲಿ ಆ ಕಾಟ ನಿಂತಿತು.

ನಾನು ಮೂರನೇ ತರಗತಿಗೆ ಶಾಲೆ ಬಿಟ್ಟು ಮಗ್ಗಕ್ಕೆ ಕೂತವನು. ಅಪ್ಪ ಹೋದಾಗ ರಂಗ ಇನ್ನೂ ಅವ್ವನ ಸೊಂಟದ ಮೇಲಿದ್ದ. ಮನೆ ನಿಂತದ್ದು ನನ್ನ ಕೈಯಿಂದ. ಅಂಚು ನೋಡಿದರೆ ಸಾಕು, ಇದು ಲಿಂಗಣ್ಣನ ಮಗ್ಗದ್ದು ಎಂದು ಅಂಗಡಿಯವರು ಗುರುತು ಹಿಡಿಯುತ್ತಿದ್ದರು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ — ಅಥವಾ ಜಂಬಕ್ಕೇ ಇರಬಹುದು. ಆ ಜಂಬವೇ ಮುಂದೆ ಕೆಲಸ ಮಾಡಿದ್ದರಿಂದ ಹೇಳಲೇಬೇಕು. ನನ್ನ ಮನೆಯಲ್ಲಿ ನಾನು ಅಂದದ್ದೇ ಮಾತು. ಬೆಕ್ಕಿನ ವಿಷಯದಲ್ಲಿ ನನ್ನ ಮಾತು ಇದು: ಅದಕ್ಕೆ ಊಟ ಹಾಕಬಾರದು. ಹೊಟ್ಟೆ ತುಂಬಿದ ಬೆಕ್ಕು ಮಲಗುತ್ತದೆ, ಹಸಿದದ್ದು ಇಲಿ ಹಿಡಿಯುತ್ತದೆ. ಯಾರೂ ನನಗೆ ಕಲಿಸಿದ್ದಲ್ಲ. ಕೆಲಸದ ಲೆಕ್ಕದಲ್ಲಿ ನಾನೇ ಹಾಗೆ ಅಂದುಕೊಂಡಿದ್ದೆ.

ಮಾದಮ್ಮ ಒಪ್ಪಲಿಲ್ಲ. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರಿಗೆ ನಿಲ್ಲುವುದಿಲ್ಲ, ನೇರ ಮಾತಾಡುವುದಿಲ್ಲ. ಅವಳು ಅಡುಗೆಮನೆಯ ಬಾಗಿಲ ಹಿಂದೆ, ನಾನು ಕಾಲಿಳಿಸಿ ಕೂರುವ ಮಗ್ಗದ ಗುಂಡಿಯಲ್ಲಿ, ನಡುವೆ ನನ್ನ ಹೆಂಡತಿ ಸಾಕಮ್ಮ. "ಅಕ್ಕ, ಭಾವಂಗೆ ಏಳಿ, ಒಟ್ಟೆ ತುಂಬಿದ್ರೂ ಬೆಕ್ಕು ಇಲಿ ಇಡೀತೈತೆ. ಅದಕ್ಕೆ ಅದು ಆಟ" ಎನ್ನುವಳು. ಇಬ್ಬರ ಕಿವಿಯೂ ಚೆನ್ನಾಗಿತ್ತು. ಆದರೂ ಸಾಕಮ್ಮ ನನ್ನ ಕಡೆ ತಿರುಗಿ ಅದನ್ನೇ ಇನ್ನೊಂದು ಸಲ ಹೇಳಬೇಕು, ಕೇಳಿಸದವನಂತೆ ಕೇಳಿ ನಾನು ಉತ್ತರ ಕೊಡಬೇಕು. "ಇಬ್ರ ಮಧ್ಯೆ ನಾನ್ ಲಾಳಿ ಆಗೋದೆ" ಎಂದು ಸಾಕಮ್ಮ ಸಿಡುಕುತ್ತಿದ್ದಳು. ನಗು ಬರುವಂಥ ಕಾಲ. ನಾನು ಹಟ ಬಿಡಲಿಲ್ಲ. ಮಾದಮ್ಮ ಕದ್ದು ಹಾಕುತ್ತಿದ್ದಾಳೆ ಎಂದು ತಿಳಿದಾಗ ಮೀನಿನ ಮಡಕೆಯನ್ನು ಅಟ್ಟದ ಮೇಲೆ ಇಡಿಸಿದೆ, ಮಜ್ಜಿಗೆಯ ಗಡಿಗೆಗೆ ಕಲ್ಲು ಮುಚ್ಚಿಸಿದೆ. ಕೆಂಚಿಯ ಪಕ್ಕೆಲುಬು ಕಾಣುವ ಹಾಗಾಯಿತು. ನನಗೆ ಅದೂ ಸರಿಯಾಗಿಯೇ ಕಂಡಿತು.

ಆ ವರ್ಷದ ಮಳೆಗಾಲ ಬಿಡಲೇ ಇಲ್ಲ. ಗಂಜಿ ಹಚ್ಚಿದ ಪಾವು ಒಣಗದೆ ಬೂಸಲು ಹಿಡಿಯಿತು. ಒಳ್ಳೆಯ ನೂಲಿನ ಒಂದು ಪಾವು ಪೂರಾ ಹೋಯಿತು — ಅದರಲ್ಲಿ ನೇಯ್ದ ಸೀರೆಯನ್ನು ಅಂಗಡಿಯವನು ಮುಟ್ಟಿ ನೋಡಿ ಪಕ್ಕಕ್ಕೆ ಎಸೆದ. ನನ್ನ ಕೆಲಸವನ್ನು ಅದುವರೆಗೆ ಯಾರೂ ಹಾಗೆ ಎಸೆದಿರಲಿಲ್ಲ.

ಇದಕ್ಕೆ ಮದ್ದು ಎಲ್ಲರಿಗೂ ಗೊತ್ತು. ಕುದಿಯುವ ಗಂಜಿಗೆ ಮೈಲುತುತ್ತದ ನೀಲಿ ಹರಳು ಪುಡಿಮಾಡಿ ಹಾಕಿದರೆ ಬೂಸಲು ಬಾರದು, ಹುಳು ಮುಟ್ಟದು. ಆದರೆ ನಮ್ಮ ಬೀದಿಯಲ್ಲಿ ಅದನ್ನು ಹಾಕಬಾರದೆಂದು ಹಿರಿಯರು ಕಟ್ಟು ಮಾಡಿದ್ದರು. ಗಂಜಿ ತಿಕ್ಕುವವರು ಹೆಂಗಸರು. ಅವರ ಅಂಗೈ ಸುಲಿದು ಹುಣ್ಣಾಗುತ್ತಿತ್ತು. ಮಿಕ್ಕಿದ ಗಂಜಿ ಚರಂಡಿಗೆ ಹೋದರೆ ಹಸು ಕರು ನೆಕ್ಕುತ್ತಿದ್ದವು. ಯಾರಾದರೂ ಹಾಕಿದ್ದು ಕಂಡರೆ ಅವರು ಆ ಮಳೆಗಾಲವೆಲ್ಲ ಬೀದಿಯಲ್ಲಿ ಪಾವು ಹಾಸುವಂತಿಲ್ಲ. ಆ ಕಟ್ಟಿಗೆ ಅಮ್ಮನ ಗುಡಿಯ ಮುಂದೆ ನಾನೂ ಕೈಮುಟ್ಟಿ ಒಪ್ಪಿದ್ದೆ.

ಒಪ್ಪಿದ ಕೈಯಿಂದಲೇ ಹಾಕಿದೆ. ಒಂದು ಚೂರು, ಯಾರಿಗೂ ತಿಳಿಯದಷ್ಟು. ಎಲ್ಲರೂ ನೀರಿಗೆ ಹೋಗಿದ್ದ ಹೊತ್ತಿನಲ್ಲಿ ಒಲೆಯ ಮುಂದೆ ಕೂತು ನಾನೇ ಕಲಕಿದೆ, ಮಡಕೆಯನ್ನು ಆರಲು ಮೂಲೆಯಲ್ಲಿಟ್ಟೆ. ಮೇಲೆ ಮುಚ್ಚಳ ಇಡಲಿಲ್ಲ. ಮುಚ್ಚಿದರೆ ಗಂಜಿ ಹುಳಿಯುತ್ತದೆ — ಅಷ್ಟೇ ನನ್ನ ಯೋಚನೆ. ಮನೆಯಲ್ಲಿ ಹಸಿದ ಒಂದು ಜೀವ ಓಡಾಡುತ್ತಿದೆ, ಅದನ್ನು ಉಪವಾಸ ಕೆಡವಿದವನು ನಾನೇ ಎಂಬುದು ತಲೆಗೆ ಬರಲೇ ಇಲ್ಲ.

ಮಾರನೆಯ ಬೆಳಿಗ್ಗೆ ಮಗ್ಗಕ್ಕೆ ಇಳಿಯಲು ಹೋದೆ. ಗುಂಡಿಯೊಳಗೆ, ಕಾಲು ತುಳಿಯುವ ಹಲಗೆಯ ಹತ್ತಿರ ಕೆಂಚಿ ಮುದುಡಿ ಮಲಗಿತ್ತು. ಬಾಯಿಂದ ಜೊಲ್ಲು, ಹೊಟ್ಟೆ ಒಳಕ್ಕೆ ಎಳೆಯುತ್ತಿತ್ತು. ಹಲಗೆಯ ಮೇಲೆ ಕಕ್ಕಿತ್ತು. ಕಕ್ಕಿದ್ದು ನೀಲಿಯೂ ಅಲ್ಲ ಹಸಿರೂ ಅಲ್ಲದ ಬಣ್ಣ. ಮೂಲೆಯ ಮಡಕೆಯ ಅಂಚಿನಲ್ಲಿ ಅದರ ನಾಲಿಗೆ ಆಡಿದ ಗುರುತು.

ನಾನು ಏನು ಮಾಡಿದೆ ಎಂದು ಬರೆಯಬೇಕು. ಬೆಕ್ಕನ್ನು ಎತ್ತಿಕೊಳ್ಳಲಿಲ್ಲ. ಮೊದಲು ಚಿಂದಿ ನೂಲು ತೆಗೆದುಕೊಂಡು ಆ ಬಣ್ಣವನ್ನು ಒರೆಸಿದೆ. ಮಡಕೆಯ ಅಂಚನ್ನೂ ಒರೆಸಿದೆ. ಒರೆಸಿದ್ದನ್ನು ಒಲೆಗೆ ಹಾಕಿದೆ. ಆಮೇಲೆ ಅವ್ವನನ್ನು ಕರೆದೆ.

ಅವ್ವ ಬಂದಳು, ಸಾಕಮ್ಮ ಬಂದಳು, ಪಾವು ಕಟ್ಟಲು ಎದ್ದಿದ್ದ ಬೀದಿಯವರೂ ಬಾಗಿಲಿಗೆ ಬಂದು ನಿಂತರು. ಏನು ತಿಂತು, ಏನು ತಿಂತು ಎಂದು ಎಲ್ಲರದೂ ಅದೇ ಮಾತು. ಹಿಂದಿನ ಸಂಜೆ ಮಾದಮ್ಮ ಅಟ್ಟದಿಂದ ಒಂದು ಮೀನಿನ ತಲೆ ಇಳಿಸಿ ಹಾಕಿದ್ದನ್ನು ಅವ್ವ ಕಂಡಿದ್ದಳು. ಕಂಡವಳು ನನ್ನ ಮುಖ ನೋಡಿದಳು. ಮನೆಯ ಯಜಮಾನ ಏನು ಹೇಳುತ್ತಾನೆ ಎಂದು ಎಲ್ಲರೂ ನೋಡಿದರು.

"ಅವ್ಳು ಆಕಿದ್ ಕರವಾಡೇ" ಎಂದೆ. "ಬೇಡ ಬೇಡ ಅಂದ್ರೂ ಕೇಳಲಿಲ್ಲ. ಅವಳ ಕೈಯಿಂದ ತಿಂದೇ ಇಂಗಾಗಿರೋದು."

ಒಣಮೀನನ್ನು ನಾವು ತಮಿಳರ ಹಾಗೆ ಕರವಾಡು ಎಂದೇ ಕರೆಯುವುದು. ಅದೇ ಮಡಕೆಯ ಮೀನನ್ನು ಹಿಂದಿನ ದಿನ ಮನೆಯವರೆಲ್ಲ ತಿಂದಿದ್ದೆವು — ಅದನ್ನು ಯಾರೂ ಕೇಳಲಿಲ್ಲ. ಬಾಗಿಲ ಹಿಂದೆ ಮಾದಮ್ಮನ ಬಳೆಯ ಸದ್ದಾಯಿತು. ಅಷ್ಟೇ. ಭಾವ ಆಡಿದ ಮಾತಿಗೆ ಎದುರು ಬಂದು ಉತ್ತರ ಕೊಡುವ ಹಾಗಿಲ್ಲ. ಎದುರು ನಿಂತು ನನ್ನ ಕಣ್ಣು ನೋಡಿ ಕೇಳಿದ್ದರೆ ನಾನು — ಏನೋ, ಆಗಲೂ ಹೇಳುತ್ತಿರಲಿಲ್ಲವೇನೋ.

ಬೆಕ್ಕು ಕೊಂದ ಪಾಪ ದೊಡ್ಡದು ಎಂದು ನಮ್ಮವರ ನಂಬಿಕೆ. ಬಸುರಿಯ ಕೈಯಿಂದ ಆದರೆ ಅದು ಹೊಟ್ಟೆಯ ಕೂಸಿಗೆ ಸುತ್ತುತ್ತದೆ. ಮಾದಮ್ಮನಿಗೆ ಅದು ಚೊಚ್ಚಲು. ಅವ್ವ ಹೆದರಿದಳು. ಸತ್ತರೆ ಈ ಮನೆಯಲ್ಲಿ ಸಾಯಬಾರದು, ಬೆಕ್ಕನ್ನೂ ಅವಳನ್ನೂ ತವರಿಗೆ ಕರೆದುಕೊಂಡು ಹೋಗು ಎಂದು ರಂಗನಿಗೆ ಹೇಳಿದಳು. ರಂಗ ನನ್ನ ಕಡೆ ತಿರುಗಿದ. ನಾನು ಒಂದು ಮಾತು ಆಡಿದ್ದರೆ ಗಾಡಿ ಕಟ್ಟುತ್ತಿರಲಿಲ್ಲ. ನಾನು ಪಾವಿನ ಕಡೆ ನೋಡಿದೆ. ಮಧ್ಯಾಹ್ನದೊಳಗೆ ಮಾದಮ್ಮ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಎತ್ತಿನ ಗಾಡಿಯಲ್ಲಿ ಕೂತಿದ್ದಳು. ಅದೇ ಗಂಜಿ ಹಚ್ಚಿದ ಆ ಪಾವಿಗೆ ಬೂಸಲು ಬರಲಿಲ್ಲ. ಸೀರೆ ಚೆನ್ನಾಗಿ ಬಂತು.

ಕೆಂಚಿ ಸಾಯಲಿಲ್ಲ. ಮಾದಮ್ಮನ ತಾಯಿ ಮೊಟ್ಟೆಯ ಬಿಳಿಯನ್ನು ಹಾಲಲ್ಲಿ ಕಲಸಿ, ಬತ್ತಿಯಲ್ಲಿ ಅದ್ದಿ ಅದ್ದಿ ಅದರ ಬಾಯಿಗೆ ಹಿಂಡಿದಳಂತೆ. ಹೆಣ್ಣುಮಗು ಹುಟ್ಟಿತು, ಅದೂ ಚೆನ್ನಾಗಿದೆ ಎಂದು ಸುದ್ದಿ ಬಂತು. ಆ ಎರಡು ಸುದ್ದಿಯ ಹಿಂದೆ ನಾನು ಅಡಗಿ ಕೂತೆ. ಬೆಕ್ಕೂ ಬದುಕಿತು, ಕೂಸೂ ಬದುಕಿತು, ಇನ್ನು ಹೇಳಿ ಏನು — ಎಂದು. ಆದರೆ ಮಾದಮ್ಮ ತಿರುಗಿ ಬರಲಿಲ್ಲ. ರಂಗ ಒಂದು ದಿನ ಬಂದು ತನ್ನ ಲಾಳಿ, ಅಚ್ಚು ಕಟ್ಟಿಕೊಂಡು ನಂಗವಳ್ಳಿಗೇ ಹೋಗಿ ಮಗ್ಗ ಹಾಕಿದ. ಬೀದಿಯಲ್ಲಿ ಯಾರ ಮನೆಯ ಬೆಕ್ಕಿಗೆ ಹೊಟ್ಟೆ ಕೆಟ್ಟರೂ "ಲಿಂಗಣ್ಣನ ತಮ್ಮನ ಹೆಂಡ್ತಿ ಕೈಯಿಂದೇನಾದ್ರೂ ತಿಂತಾ" ಎಂದು ನಗುತ್ತಿದ್ದರು. ಆ ನಗುವಿನ ಮಧ್ಯೆ ನಾನೂ ಕೂತಿರುತ್ತಿದ್ದೆ.

ಕೆಂಚಿ ಹೋದ ಮೇಲೆ ಇಲಿಗಳು ತಿರುಗಿ ಬಂದವು. ಬೇರೆ ಮರಿ ತಂದೆವು. ಅದಕ್ಕೆ ಊಟ ಹಾಕಿದವನು ಯಾರು ಅಂದುಕೊಂಡಿರಿ? ನಾನೇ. ಬಾಯಿಂದ ಹೇಳಲಾಗದ್ದನ್ನು ಕೈಯಿಂದ ತೀರಿಸಲು ಹೋದೆನೋ ಏನೋ. ಮುಳ್ಳು ತೆಗೆದ ಮೀನು, ಹಿಟ್ಟಿನ ಮುದ್ದೆಯ ತುಣುಕಿಗೆ ಮಜ್ಜಿಗೆ, ಕರಟದಲ್ಲಿ ದಿನಾ ಹೊಸ ನೀರು. ಉಪ್ಪಿನ ಮೀನನ್ನು ತೊಳೆದೇ ಹಾಕಬೇಕು, ಇಲ್ಲವಾದರೆ ನೀರಡಿಸಿ ಸಿಕ್ಕಸಿಕ್ಕ ಕಡೆ ಬಾಯಿ ಹಾಕುತ್ತದೆ. ಪಾವಿನ ಕೆಳಗೆ ನುಸುಳಿ ಬಂದರೆ ಮೈಗೆ ಗಂಜಿ ಅಂಟುತ್ತದೆ, ಅದನ್ನು ನೆಕ್ಕುವ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಇವೆಲ್ಲ ಯಾರೂ ಕಾಣದ ಹಾಗೆ ಮಾಡುತ್ತಿದ್ದೆ. ಹೊಟ್ಟೆ ತುಂಬಿದ ಆ ಬೆಕ್ಕು ಇಲಿ ಹಿಡಿದು ತಂದು ನನ್ನ ಕಾಲ ಹತ್ತಿರ ಇಟ್ಟು, ತಿನ್ನದೆ, ಮುಖ ನೋಡುತ್ತಾ ಕೂರುತ್ತಿತ್ತು. ಮಾದಮ್ಮ ಹೇಳಿದ್ದೇ ನಿಜ. ಸಾಕಮ್ಮ ಕಂಡೂ ಕಾಣದವಳಂತೆ ಇದ್ದಳು.

ಅವ್ವ ತೀರಿಕೊಂಡಳು. ನನಗೆ ತಲೆ ನರೆಯಿತು, ಬೀದಿಯ ಹಿರಿಯರಲ್ಲಿ ನನ್ನನ್ನೂ ಕೂರಿಸಿದರು. ಈ ಮಳೆಗಾಲದ ಮೊದಲಲ್ಲಿ ಮುನಿಯ ಎಂಬ ನೇಕಾರ ಸಿಕ್ಕಿಬಿದ್ದ. ಅವನ ಗಂಜಿಯಲ್ಲಿ ಮೈಲುತುತ್ತ. ಗುಡಿಯ ಮುಂದೆ ಕರೆಸಿ ಕೇಳಿದೆವು. ಅವನು ತಲೆ ತಗ್ಗಿಸಿ ಒಂದೇ ಉಸಿರಲ್ಲಿ ಹೇಳಿಬಿಟ್ಟ: "ಗೊತ್ತಿದ್ದೇ ಆಕ್ದೆ, ಲಿಂಗಣ್ಣ. ಪಾವು ಬೂಸ್ಲು ಇಡೀತು. ತಪ್ಪೇ."

ಇಷ್ಟೇ. ಇಷ್ಟು ಸುಲಭವಾಗಿ ಬಾಯಿಂದ ಬರುವ ಮಾತು ಅದು. ಶಿಕ್ಷೆ ಹೇಳುವ ಸರದಿ ನನ್ನದು. ಎಲ್ಲರೂ ಕಾಯುತ್ತಿದ್ದರು. ಬೇರೆ ಯಾರಾದರೂ ಹೇಳಿ ಎಂದು ಎದ್ದು ಮನೆಗೆ ಬಂದೆ. ಮಾರನೆಯ ದಿನ ಓಮಲೂರಿನ ಬಸ್ಸು ಹತ್ತಿ ನಂಗವಳ್ಳಿಗೆ ಹೋದೆ.

ರಂಗ ಒಳಗೆ ನೇಯುತ್ತಿದ್ದ. ನನ್ನನ್ನು ನೋಡಿ ತಲೆಯಾಡಿಸಿದ, ಮಗ್ಗ ನಿಲ್ಲಿಸಲಿಲ್ಲ. ಮಾದಮ್ಮ ಬಾಗಿಲ ಹಿಂದೆ ಸರಿದಳು. ಅವಳ ತಾಯಿ ಜಗಲಿಯಲ್ಲಿ ಚಾಪೆ ಹಾಸಿದಳು. ಕೆಂಚಿ ಅಲ್ಲೇ ಇತ್ತು — ಮುದಿಯಾಗಿದೆ, ಆದರೆ ಮೈ ಮಿರುಗುತ್ತದೆ, ಕಣ್ಣು ಶುಭ್ರ. ಊಟದ ಹೊತ್ತಿಗೆ ಮಾದಮ್ಮ ಮೀನಿನ ಮುಳ್ಳು ಬಿಡಿಸಿ, ತಟ್ಟೆಗೆ ಹಾಕಿ, ತಟ್ಟೆಯನ್ನು ಹೊಸಿಲ ಮೇಲಿಟ್ಟು ಹಿಂದೆ ಸರಿದಳು. ತಾಯಿ ಎದ್ದು ಹೋಗಿ ಅದನ್ನು ಬೆಕ್ಕಿನ ಮುಂದಿಟ್ಟಳು. ಮಂಡಿನೋವಿನ ಮುದುಕಿ. ಇದೇನು, ಅವಳೇ ಇಡಬಹುದಲ್ಲ ಎಂದೆ.

"ಅವ್ಳು ಕೈಯಾರ ಯಾವುದ್ಕೂ ಆಕಲ್ಲ, ಲಿಂಗಣ್ಣ" ಎಂದಳು ಮುದುಕಿ. "ಕೈಯಾಗೆ ವಿಸ ಐತೆ ಅಂತಾಳೆ. ಅವ್ಳ್ ಮಗೀಗೆ ಮೊದಲ್ ತುತ್ತೂ ನಾನೇ ಇಕ್ಕಿದ್ದು. ಅವ್ಳು ಒಲ್ಲೆ ಅಂದ್ಲು."

ಬದುಕಿದ ಬೆಕ್ಕು, ಬದುಕಿದ ಕೂಸು — ನಾನು ಇಷ್ಟು ವರ್ಷ ಹಿಡಿದುಕೊಂಡು ಕೂತಿದ್ದ ನೆಮ್ಮದಿ ಅಲ್ಲೇ ಕಳಚಿ ಬಿತ್ತು. ನಡುವೆ ನಿಂತು ಮಾತು ದಾಟಿಸಲು ಸಾಕಮ್ಮ ಇರಲಿಲ್ಲ. ಬಾಗಿಲ ಕಡೆ ತಿರುಗಿ ನೇರವಾಗಿ ಅವಳ ಹೆಸರು ಹಿಡಿದು ಕರೆದೆ.

"ಮಾದಮ್ಮ, ಕೇಳವ್ವ. ಕರವಾಡಲ್ಲ. ನನ್ ಗಂಜಿಗೆ ಮೈಲುತುತ್ತ ಆಕಿದ್ದೆ. ಅದನ್ನ ನೆಕ್ತು. ನಂಗೆ ಆವತ್ತೇ ಗೊತ್ತಿತ್ತು."

ಒಳಗೆ ಮಗ್ಗ ನಿಂತಿತು.

ಮಾದಮ್ಮ ಹೊಸಿಲಿಗೆ ಬಂದಳು. ಅವಳ ಮುಖವನ್ನು ನಾನು ನೇರ ನೋಡಿದ್ದು ಅದೇ ಮೊದಲು. "ಆವತ್ತೇ ಗೊತ್ತಿತ್ತಾ, ಭಾವ?" ಎಂದಳು. ಗೊತ್ತಿತ್ತು ಎಂದೆ. ಬಣ್ಣ ಒರೆಸಿದ್ದನ್ನೂ ಹೇಳಿದೆ, ಗಂಜಿಯ ಮಡಕೆ ಮುಚ್ಚದೆ ಇಟ್ಟದ್ದನ್ನೂ, ಬೆಕ್ಕನ್ನು ಉಪವಾಸ ಕೆಡವಿದ್ದನ್ನೂ. ಅವಳು ಹೊಸಿಲ ಮೇಲೆ ಕುಸಿದು ಕೂತು ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ.

"ಅಂಗಾದ್ರೆ ನನ್ ಕೈಯಾಗೆ ಏನೂ ಇಲ್ಲ" ಎಂದಳು, ತನಗೇ.

ಆಮೇಲೆ ಎದ್ದು ಒಳಗೆ ಹೋಗಿ ಇನ್ನೊಂದು ಮೀನು ತಂದಳು. ಕೆಂಚಿಯ ಮುಂದೆ ಕೂತು, ಬೆರಳ ತುದಿಯಲ್ಲಿ ಒಂದೊಂದೇ ಚೂರು ಹಿಡಿದಳು. ಬೆಕ್ಕು ಮೂಸಿ ತಿಂದಿತು, ಬೆರಳನ್ನೂ ನೆಕ್ಕಿತು. ಅವಳು ನಗುತ್ತಿದ್ದಳು, ಮೂಗು ಒರೆಸಿಕೊಳ್ಳುತ್ತಿದ್ದಳು. ಮುದುಕಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನ್ನ ಎದೆಯ ಮೇಲಿಂದ ಏನೋ ಇಳಿಯಿತು — ಇಳಿಯಬಾರದಿತ್ತು, ಅದು ನನಗೆ ಸಲ್ಲಬೇಕಾದ ಸುಖವಲ್ಲ, ಆದರೂ ಇಳಿಯಿತು. ಇಳಿಯಲಿಲ್ಲ ಎಂದು ಸುಳ್ಳು ಹೇಳಲಾರೆ.

ನಾನು ಹೊರಡುವಾಗ ಮಾದಮ್ಮ ಮತ್ತೆ ಬಾಗಿಲ ಹಿಂದೆ ಸರಿಯಲಿಲ್ಲ. "ಭಾವ, ನಂಗೊಬ್ಬಳಿಗೆ ಏಳಿದ್ರೆ ಆಗಲ್ಲ. ಆವತ್ತು ಬೀದಿ ಪೂರಾ ಕೇಳೈತೆ. ಬೀದಿಗೂ ಏಳಿ" ಎಂದಳು. ಕೇಳಿಕೊಳ್ಳುವ ದನಿಯಲ್ಲ, ಹೇಳುವ ದನಿ. ಒಳಗೆ ಮಗ್ಗ ತಿರುಗಿ ಸದ್ದು ಮಾಡತೊಡಗಿತು. ರಂಗ ಹೊರಗೆ ಬರಲಿಲ್ಲ.

ಗುಡಿಯ ಮುಂದೆ ಹಿರಿಯರನ್ನು ಸೇರಿಸಿ ಹೇಳಿದೆ. ಒಬ್ಬರು, ಇಷ್ಟು ವರ್ಷದ ಮೇಲೆ ಯಾಕೆ ಕೆದಕುತ್ತೀಯ, ಬೆಕ್ಕು ಬಂದು ದೂರು ಕೊಟ್ಟಿತಾ ಎಂದು ನಗಿಸಲು ನೋಡಿದರು. ಯಾರೂ ನಗಲಿಲ್ಲ. ಹಿರಿಯರ ಸಾಲಿನಿಂದ ನನ್ನನ್ನು ಇಳಿಸಿದರು. ಮುನಿಯನಿಗೆ ಕೊಟ್ಟ ಶಿಕ್ಷೆಯನ್ನೇ ನನಗೂ ಕೊಡಿ ಎಂದೆ, ಕೊಟ್ಟರು. ಮಾದಮ್ಮನ ಹೆಸರನ್ನು ಎತ್ತಿ ಇನ್ನು ಯಾರೂ ಆಡಿಕೊಳ್ಳಬಾರದು ಎಂದೂ ಕಟ್ಟು ಮಾಡಿದರು. ಅದೊಂದನ್ನು ನಾನು ಕೇಳಿರಲಿಲ್ಲ. ಕೇಳಬೇಕಾಗಿತ್ತು.

ಈಗ ಬೀದಿ ಬಿಟ್ಟು ಊರ ಹೊರಗೆ ಕೆರೆಯ ಏರಿಯ ಕೆಳಗೆ ಪಾವು ಹಾಸುತ್ತೇನೆ. ಮೊದಲ ದಿನ ಪಾವು ಕಟ್ಟುವ ಬಿದಿರು ಹೊತ್ತುಕೊಂಡು ಹೋದಾಗ ಮುನಿಯ ಆಗಲೇ ಅಲ್ಲಿದ್ದ. "ನೀನೂ ಬಂದ್ಯಾ, ಲಿಂಗಣ್ಣ. ಬಾ, ಜಾಗ ಬೇಕಾದಷ್ಟೈತೆ" ಎಂದ. ಗಾಳಿ ಜಾಸ್ತಿ, ಮಣ್ಣು ಹಾರುತ್ತದೆ, ಎಳೆ ಮೊದಲಿನಷ್ಟು ನಯವಾಗುವುದಿಲ್ಲ. ಅಂಗಡಿಯವನು ಅಂಚು ನೋಡಿ ಲಿಂಗಣ್ಣನದಾ ಎಂದು ಈಗ ಕೇಳಿ ತಿಳಿಯಬೇಕು. ಹೌದು, ನನ್ನದೇ ಎನ್ನುತ್ತೇನೆ. ನಿದ್ದೆ ಚೆನ್ನಾಗಿ ಬರುತ್ತದೆ.

ರಂಗ ಇನ್ನೂ ನನ್ನೊಡನೆ ಮಾತಾಡಿಲ್ಲ. ಅವನಿಂದ ನಾನು ಕಸಿದದ್ದು ಒಂದು ಮನೆ — ಮಾತಾಡು ಎಂದು ಕೇಳುವ ಮುಖ ನನಗಿಲ್ಲ. ಮಗ್ಗದ ಮೇಲಿರುವ ಪಾವು ಮುಗಿದ ಮೇಲೆ ಮತ್ತೆ ನಂಗವಳ್ಳಿಗೆ ಹೋಗುತ್ತೇನೆ. ಅವನು ಗುಂಡಿಯಿಂದ ಎದ್ದು ಬರುವವರೆಗೆ ಜಗಲಿಯಲ್ಲಿ ಕೂತಿರುತ್ತೇನೆ. ಎದ್ದು ಬರದಿದ್ದರೆ ಸಂಜೆಗೆ ಹಿಂದಿರುಗಿ, ಇನ್ನೊಂದು ದಿನ ಹೋಗುತ್ತೇನೆ.